ಒಂದು ಕಿಲೋಮೀಟರ್‌ಗೆ ಎಷ್ಟು ಕರೆಂಟ್?

ಎಲೆಕ್ಟ್ರಿಕ್ ಕಾರು ತಗೊಂಡು ಒಂದು ಬೇಸಿಗೆ ಕಳೆದವರು ನಮ್ಮ ಕಲಬುರಗಿ ವರ್ಕ್‌ಶಾಪ್‌ಗೆ ಬಂದರೆ ಮೊದಲ ಮಾತು ಸಾಮಾನ್ಯವಾಗಿ ಇದೇ: "ಸರ್, ಬ್ಯಾಟರಿ ವೀಕ್ ಆಗ್ಯದ ಅನಸ್ತದ. ಪೇಪರ್‌ನಾಗ ಬರ್ದಿದ್ದು ಒಂದು, ರೋಡಿನ ಮ್ಯಾಲ ಬರೋದು ಒಂದು." ಲ್ಯಾಪ್‌ಟಾಪ್ ಹಚ್ಚಿ ನೋಡಿದರೆ ಹೆಚ್ಚಿನ ಸಲ ಬ್ಯಾಟರಿ ಗಟ್ಟಿಯಾಗೇ ಇರುತ್ತದೆ. ಕರೆಂಟ್ ಬೇರೆ ಎಲ್ಲೋ ಹೋಗುತ್ತಿರುತ್ತದೆ. ಅದು ಎಲ್ಲಿ ಹೋಗುತ್ತದೆ ಅಂತ ಗೊತ್ತಾದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಪೇಪರ್‌ನಲ್ಲಿರುವ ರೇಂಜ್, ಅಂದರೆ ಒಂದು ಪೂರ್ತಿ ಚಾರ್ಜ್‌ಗೆ ಇಷ್ಟು ಕಿಲೋಮೀಟರ್ ಅನ್ನುವ ಅಂಕಿ, ಸುಳ್ಳಲ್ಲ. ಪುಣೆಯ ಎಆರ್‌ಎಐಯಂಥ ಪರೀಕ್ಷಾ ಕೇಂದ್ರದಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಮೊದಲೇ ಗೊತ್ತು ಮಾಡಿದ ಕ್ರಮದಲ್ಲಿ ಓಡಿಸುತ್ತಾರೆ. ಅದರಲ್ಲಿ ಗರಿಷ್ಠ ವೇಗ 90 ಕಿ.ಮೀ., ಸರಾಸರಿ 32ರ ಆಸುಪಾಸು. ಎಸಿ ಬಂದ್. ರೂಮಿನಲ್ಲಿ ಹದವಾದ ತಂಪು. ಎರಡು ಕಾರುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸೋಕೆ ಆ ಅಂಕಿ ಬೇಕು. ಮೇ ತಿಂಗಳ ಮಧ್ಯಾಹ್ನ ಎಸಿ ಹಾಕ್ಕೊಂಡು ಹುಮನಾಬಾದ್ ರಸ್ತೆಯಲ್ಲಿ 100ರಲ್ಲಿ ಹೋಗುವವರಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಉಪಯೋಗಕ್ಕೆ ಬರುವ ಅಂಕಿ ಬೇರೆ ಇದೆ. ಒಂದು ಕಿಲೋಮೀಟರ್‌ಗೆ ಎಷ್ಟು ವ್ಯಾಟ್-ಅವರ್ ಖರ್ಚಾಯಿತು ಅನ್ನೋದು. ಮನೆ ಬಿಲ್‌ನಲ್ಲಿ ಬರುವ ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್. ಉದಾಹರಣೆಗೆ, 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿ ನೋಡಿ. ಬ್ಯಾಟರಿ 30.2 ಯೂನಿಟ್, ಪರೀಕ್ಷೆಯ ರೇಂಜ್ 312 ಕಿ.ಮೀ. ಭಾಗಿಸಿದರೆ ಕಿಲೋಮೀಟರ್‌ಗೆ 97 ವ್ಯಾಟ್-ಅವರ್. ನಮ್ಮ ರಸ್ತೆಯಲ್ಲಿ, ನಮ್ಮ ಬಿಸಿಲಲ್ಲಿ ಇದು ಎಷ್ಟಾಗುತ್ತದೆ?

ಅದೇ ಅಳತೆಯ, 1600 ಕಿಲೋ ತೂಗುವ ಒಂದು ಕಾರಿಗೆ ಲೆಕ್ಕ ಹಾಕಿ ನೋಡೋಣ. ಟೈರು ರಸ್ತೆಗೆ ಉಜ್ಜುವುದಕ್ಕೆ ತಗಲುವ ಖರ್ಚು ನಿಧಾನ ಹೋದರೂ ಜೋರು ಹೋದರೂ ಕಿಲೋಮೀಟರ್‌ಗೆ ಹೆಚ್ಚುಕಮ್ಮಿ ಒಂದೇ, 40-45 ವ್ಯಾಟ್-ಅವರ್. ಗಾಳಿಯ ಕಥೆ ಹಾಗಲ್ಲ. ಅದರ ತಡೆ ವೇಗದ ವರ್ಗದಷ್ಟು ಏರುತ್ತದೆ. 60ರಿಂದ 100ಕ್ಕೆ ಹೋದರೆ ವೇಗ ಎರಡು ಪಟ್ಟೂ ಆಗಿಲ್ಲ, ಗಾಳಿಗೆ ಕೊಡುವ ಕರೆಂಟ್ ಮಾತ್ರ ಸುಮಾರು 2.8 ಪಟ್ಟು. ಮೋಟಾರ್ ಮತ್ತು ಗೇರ್‌ನಲ್ಲಿ ಸೋರುವುದನ್ನೂ, ಎಸಿಯನ್ನೂ ಸೇರಿಸಿದರೆ 60ರಲ್ಲಿ ಸುಮಾರು 115, 80ರಲ್ಲಿ 135, 100ರಲ್ಲಿ 170 ವ್ಯಾಟ್-ಅವರ್ ಬರುತ್ತದೆ. 30 ಯೂನಿಟ್ ಪೂರ್ತಿ ಬಳಸಿದರೆ 60ರಲ್ಲಿ 260 ಕಿ.ಮೀ., 80ರಲ್ಲಿ 220, 100ರಲ್ಲಿ 175. ಕಾರು ಅದೇ, ಬ್ಯಾಟರಿ ಅದೇ. ಬದಲಾಗಿದ್ದು ಬಲಗಾಲು ಒತ್ತಿದ ರೀತಿ ಅಷ್ಟೇ.

ಇನ್ನು ಎಸಿ. ಹೈವೇಯಲ್ಲಿ ಎಸಿ ಬಂದ್ ಮಾಡಿ, ಬೆವರು ಸುರಿಸಿಕೊಂಡು ಹೋಗುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಅದರ ಅಗತ್ಯವೇ ಇಲ್ಲ. ಎಸಿ ತಿನ್ನುವುದು ಗಂಟೆಯ ಲೆಕ್ಕದಲ್ಲಿ, ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ. ಕಾರು ಒಮ್ಮೆ ತಂಪಾದ ಮೇಲೆ ಗಂಟೆಗೆ ಒಂದೂವರೆ ಯೂನಿಟ್ ಅಂದುಕೊಳ್ಳಿ. 80ರಲ್ಲಿ ಹೋಗುತ್ತಿದ್ದರೆ ಅದು ಕಿಲೋಮೀಟರ್‌ಗೆ 19 ವ್ಯಾಟ್-ಅವರ್ ಮಾತ್ರ. ಅದೇ ಊರೊಳಗೆ, ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಕಡೆ 20ರ ಸರಾಸರಿಯಲ್ಲಿ ತೆವಳುವಾಗ 75! ಬಿಸಿಲಿಗೆ ನಿಂತು ಒಲೆಯಂತಾದ ಕಾರನ್ನು ತಂಪು ಮಾಡುವ ಮೊದಲ ಹತ್ತು ನಿಮಿಷ ಇದಕ್ಕಿಂತ ಜಾಸ್ತಿ ಎಳೆಯುತ್ತದೆ. 42-43 ಡಿಗ್ರಿ ನಮ್ಮಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಹಾಗಾಗಿ ಊರೊಳಗೆ ಸಣ್ಣ ಸಣ್ಣ ಓಡಾಟ ಮಾಡುವವರಿಗೆ ಬೇಸಿಗೆಯಲ್ಲಿ ರೇಂಜ್ ಬಿದ್ದಂತೆ ಕಾಣುತ್ತದೆ. ಬೇವಿನ ಮರದ ನೆರಳಲ್ಲಿ ನಿಲ್ಲಿಸಿ. ಮನೆಯಿಂದ ಹೊರಡುವ ಮುಂಚೆ, ಚಾರ್ಜರ್ ಹಚ್ಚಿರುವಾಗಲೇ ಎಸಿ ಚಾಲೂ ಮಾಡಿ. ಆ ಮೊದಲ ತಂಪಿನ ಖರ್ಚು ಬ್ಯಾಟರಿ ಬದಲು ಮನೆ ಕರೆಂಟಿನಿಂದ ಹೋಗುತ್ತದೆ.

ಬೀದರ್‌ಗೆ ಹೋಗಿ ಬರುವವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಬೀದರ್ ನಮಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ, ಹೋಗುವಾಗ ಜಾಸ್ತಿ, ಬರುವಾಗ ಕಮ್ಮಿ ಖರ್ಚಾಗಬೇಕು ಅಲ್ವಾ? ಹೌದು, ಏರಿಗೆ ಒಂದು ಯೂನಿಟ್‌ನಷ್ಟು ಹೆಚ್ಚು ಬೇಕು. ಅಂದರೆ ಏಳೆಂಟು ಕಿಲೋಮೀಟರ್ ರೇಂಜ್. ಬರುವಾಗ ಅದರಲ್ಲಿ ದೊಡ್ಡ ಪಾಲು ವಾಪಸ್ ಸಿಗುತ್ತದೆ. ಆದರೆ ಆಷಾಢದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಜೂನ್-ಜುಲೈನಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ನಮ್ಮದು ಮರ ಕಮ್ಮಿ ಇರುವ ಬಯಲು. ತೊಗರಿ ಹೊಲ ಆಗಿನ್ನೂ ಮೊಳಕಾಲೆತ್ತರಕ್ಕೂ ಬಂದಿರುವುದಿಲ್ಲ, ಗಾಳಿಗೆ ಅಡ್ಡ ಏನೂ ಇಲ್ಲ. ಬೀದರ್ ಇರುವುದು ಈಶಾನ್ಯಕ್ಕೆ. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಎದುರಿಗೆ. ಎದುರುಗಾಳಿ 20 ಕಿ.ಮೀ. ಇದ್ದರೆ, 80ರಲ್ಲಿ ಹೋಗುವ ಕಾರಿಗೆ ಗಾಳಿಯ ತಡೆ 100ರಲ್ಲಿ ಹೋದಷ್ಟೇ. ಇಳಿಜಾರಿನಲ್ಲಿ ಉಳಿದದ್ದಕ್ಕಿಂತ ಎಷ್ಟೋ ಜಾಸ್ತಿ ಅಲ್ಲೇ ಹೋಗುತ್ತದೆ. ಅಂಥ ದಿನ 70ಕ್ಕೆ ಇಳಿಸಿ ಬನ್ನಿ. ಮೇಲೆ ಕ್ಯಾರಿಯರ್ ಇದ್ದು, ಅದರಲ್ಲಿ ಸಾಮಾನಿಲ್ಲದಿದ್ದರೆ ಸುಮ್ನೆ ಬಿಚ್ಚಿಟ್ಟುಬಿಡಿ.

ಟೈರಿನ ವಿಷಯ ಯಾರೂ ಕೇಳುವುದಿಲ್ಲ, ನಾನಾಗೇ ಹೇಳಬೇಕಾಗುತ್ತದೆ. ಜೇವರ್ಗಿ ಕಡೆಯ ಒಬ್ಬ ಮೇಷ್ಟ್ರು ಈಚೆಗೆ ಕಾರು ತಂದಿದ್ದರು. "ಒಮ್ಮಿಂದೊಮ್ಮೆ ರೇಂಜ್ ಬಿದ್ದದ ನೋಡ್ರಿ" ಅಂದರು. ಬ್ಯಾಟರಿ ಚೆನ್ನಾಗಿತ್ತು. ಕೆಳಗೆ ನೋಡಿದರೆ ನಾಲ್ಕೂ ಟೈರು ಹೊಸವು, ಆಳವಾದ ಬ್ಲಾಕ್ ಇರುವ ದಪ್ಪನೆಯವು. ಕಂಪನಿಯಿಂದ ಬರುವ ಟೈರು ಕಡಿಮೆ ಉಜ್ಜುವ ಹಾಗೆ ಮಾಡಿದ್ದು. ಅದರ ಬದಲು ಇಂಥದ್ದು ಹಾಕಿದರೆ, ಮೇಲೆ ಹೇಳಿದ ಆ 40-45 ಏರುತ್ತದೆ, ಅದೂ ಪ್ರತಿ ಕಿಲೋಮೀಟರ್‌ಗೂ. ಜತೆಗೆ ಗಾಳಿಯೂ ಕಮ್ಮಿ ಇತ್ತು. ಬಿಸಿಲಲ್ಲಿ ಓಡಿ ಬಂದ ಟೈರಿನಲ್ಲಿ ಗಾಳಿ ನೋಡಿದರೆ ಸರಿ ಇದೆ ಅಂತಲೇ ತೋರಿಸುತ್ತದೆ. ಬೆಳಿಗ್ಗೆ, ಗಾಡಿ ತೆಗೆಯುವ ಮುಂಚೆ ನೋಡಬೇಕು. ಹೊಸ ಟೈರು ತಗೊಳ್ಳುವಾಗ ಅಂಗಡಿಯಲ್ಲಿ ಇವಿಗೆ ಬೇಕು ಅಂತ ಹೇಳಿ ಕೇಳಿ.

ಇನ್ನೊಂದು ದೂರು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇರುವವರದು. ಶೇಕಡಾ 20 ಇದ್ದದ್ದು ನೋಡನೋಡುತ್ತ 10ಕ್ಕೆ ಬಂತು ಅಂತ. ಈ ಬ್ಯಾಟರಿಯ ವೋಲ್ಟೇಜ್ ತುಂಬಿದಾಗಲೂ ಅರ್ಧ ಇದ್ದಾಗಲೂ ಬಹಳ ವ್ಯತ್ಯಾಸ ತೋರಿಸುವುದಿಲ್ಲ. ಹಾಗಾಗಿ ಎಷ್ಟು ಉಳಿದಿದೆ ಅಂತ ಕಾರು ಅಂದಾಜು ಮಾಡುತ್ತ ಹೋಗುತ್ತದೆ. ಸದಾ ಶೇಕಡಾ 80ಕ್ಕೇ ಚಾರ್ಜ್ ನಿಲ್ಲಿಸುತ್ತಿದ್ದರೆ ಆ ಅಂದಾಜು ದಿನದಿನಕ್ಕೆ ತಪ್ಪುತ್ತದೆ. ಮ್ಯಾನುಯಲ್ ಹೇಳಿದ ಹಾಗೆ ಆಗಾಗ ಪೂರ್ತಿ 100ರವರೆಗೆ ಚಾರ್ಜ್ ಮಾಡಿದರೆ ಸರಿಹೋಗುತ್ತದೆ. ಇನ್ನೊಂದು ಬಗೆಯಾದ ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಬ್ಯಾಟರಿಯವರಿಗೆ ಈ ಮಾತು ಅನ್ವಯಿಸದು. ಅವರು ಪೂರ್ತಿ ತುಂಬಿಸಿ ಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸಬಾರದು, ಅಷ್ಟೇ.

ಹಾಗಾದರೆ ಯಾವ ಬ್ಯಾಟರಿ ತಗೊಳ್ಳಬೇಕು? ಕಲಬುರಗಿಯಿಂದ ಬೀದರ್‌ಗೆ ಹೋಗಿ ಅದೇ ದಿನ ವಾಪಸ್ ಬರುವುದು ಸುಮಾರು 220 ಕಿ.ಮೀ. 80ರಲ್ಲಿ ಹೋದರೆ 30 ಯೂನಿಟ್ ಬೇಕು. ಕೊನೆಯ ಶೇಕಡಾ 15ನ್ನು ಮುಟ್ಟಬಾರದು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅದನ್ನು ಬಿಟ್ಟು ನೋಡಿದರೆ 30 ಯೂನಿಟ್‌ನ ಕಾರು ನಡುವೆ ಚಾರ್ಜ್ ಮಾಡದೆ ಬರಲಾರದು, 40-45ರದ್ದು ಆರಾಮ ಬರುತ್ತದೆ. ತಿಂಗಳಿಗೊಮ್ಮೆ ಹೋಗುವವರು ಅದಕ್ಕೋಸ್ಕರ ದೊಡ್ಡ ಬ್ಯಾಟರಿಗೆ ಲಕ್ಷಗಟ್ಟಲೆ ಜಾಸ್ತಿ ಕೊಡುವುದು ಬೇಡ ಅನ್ನುತ್ತೇನೆ. ಬೀದರ್‌ನಲ್ಲಿ ನೆಂಟರ ಮನೆಯ 15 ಆಂಪಿಯರ್ ಸಾಕೆಟ್‌ಗೆ ಮೂರು ತಾಸು ಹಚ್ಚಿದರೂ 60 ಕಿಲೋಮೀಟರ್‌ನಷ್ಟು ತುಂಬುತ್ತದೆ. ಅರ್ಥಿಂಗ್ ಸರಿ ಇದೆಯಾ ಅಂತ ಮೊದಲು ನೋಡಿ. ಎಕ್ಸ್‌ಟೆನ್ಷನ್ ಬೋರ್ಡ್ ಬಳಸಲೇಬೇಡಿ, ವೈರು ಕಾಯುತ್ತದೆ. ಹಳ್ಳಿಯಲ್ಲಿ ವೋಲ್ಟೇಜ್ 190ಕ್ಕೆ ಇಳಿದಿದ್ದರೆ ಅದೇ 15 ಆಂಪಿಯರ್‌ನಲ್ಲಿ ಆರನೇ ಒಂದು ಭಾಗ ಕಮ್ಮಿ ತುಂಬುತ್ತದೆ, ಅರ್ಧ ತಾಸು ಹೆಚ್ಚಿಗೆ ಇಟ್ಟುಕೊಳ್ಳಿ.