ಕಾಲುವೆಯ ತಲೆ ಒಂದು ಜಿಲ್ಲೆಗೆ, ಬಾಲ ಇನ್ನೊಂದಕ್ಕೆ

ರಾಯಚೂರು ಜಿಲ್ಲೆಯ ನಕ್ಷೆಯನ್ನು ಮೊದಲ ಸಲ ನೋಡಿದವರಿಗೆ ಇಲ್ಲಿ ನೀರಿನ ಕೊರತೆ ಇದೆ ಎಂದರೆ ನಂಬಿಕೆ ಬರುವುದಿಲ್ಲ. ಉತ್ತರದ ಎಲ್ಲೆಗೆ ಕೃಷ್ಣೆ, ದಕ್ಷಿಣದ ಎಲ್ಲೆಗೆ ತುಂಗಭದ್ರೆ. ನಡುವಿನ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡೆಂದೇ ಕರೆದಿವೆ. ಆದರೆ ಹೊಳೆಗಳು ತಗ್ಗಿನಲ್ಲಿ ಹರಿಯುತ್ತವೆ, ಎರೆ ಮತ್ತು ಮಸಾರಿ ಹೊಲಗಳು ಎತ್ತರದಲ್ಲಿವೆ. ದಂಡೆಯಿಂದ ಎರಡು ಹರದಾರಿ ಒಳಗೆ ಬಂದರೆ ಜೋಳ, ತೊಗರಿ, ಹತ್ತಿ ಮಳೆಯನ್ನೇ ನಂಬಿ ನಿಂತಿರುತ್ತವೆ. ಕಂದಾಯ ಇಲಾಖೆಯಲ್ಲಿದ್ದ ನನಗೆ ಈ ಜಿಲ್ಲೆಯ ಸುಖದುಃಖ ತಿಳಿದದ್ದು ಕಾಲುವೆಯ ಏರಿಯ ಮೇಲೆ ಓಡಾಡಿ.

ತುಂಗಭದ್ರಾ ಎಡದಂಡೆ ನಾಲೆ ಮುನಿರಾಬಾದಿನ ಅಣೆಕಟ್ಟೆಯಿಂದ ಹೊರಟು ಗಂಗಾವತಿ, ಕಾರಟಗಿ ದಾಟಿ ಸಿಂಧನೂರು, ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳತ್ತ ಸುಮಾರು 226 ಕಿ.ಮೀ. ಹರಿಯುತ್ತದೆ, ಅದರ ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಬರದ ಹೊಡೆತ ತಪ್ಪಿಸಲು ಹೆಚ್ಚು ಜಮೀನಿಗೆ ತೆಳುವಾಗಿ ನೀರು ಹಂಚಬೇಕೆಂಬ ಲೆಕ್ಕದಲ್ಲಿ ಇದರ ಬಹುಭಾಗವನ್ನು ಭತ್ತಕ್ಕಿಂತ ಕಡಿಮೆ ನೀರು ಸಾಕಾಗುವ ಅರೆ ನೀರಾವರಿ ಬೆಳೆಗಳಿಗೆಂದು ಗೊತ್ತುಪಡಿಸಲಾಗಿತ್ತು. 1953ರಲ್ಲಿ ನೀರು ಬಿಟ್ಟ ಮೇಲೆ ಆಂಧ್ರದಿಂದ ಬಂದ ರೈತರು ಜಮೀನು ಕೊಂಡು, ಸಮತಟ್ಟು ಮಾಡಿ, ಭತ್ತ ಹಚ್ಚಿದರು. ಅವರ ವಸತಿಗಳು ಇಂದಿಗೂ ಕ್ಯಾಂಪ್ ಎಂಬ ಹೆಸರಿನಲ್ಲೇ ಇವೆ. ಪೂರ್ವ ಪಾಕಿಸ್ತಾನದ ನಿರಾಶ್ರಿತರನ್ನೂ ಸಿಂಧನೂರು ಸೀಮೆಯಲ್ಲಿ ನೆಲೆಗೊಳಿಸಿದ್ದರಿಂದ ಅಲ್ಲಿನ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದುವಿನ ಜೊತೆ ಬಂಗಾಳಿಯೂ ಕಿವಿಗೆ ಬೀಳುತ್ತದೆ. ಭತ್ತದಿಂದ ರೈಸ್ ಮಿಲ್ಲುಗಳು ಬಂದವು, ಕೂಲಿ ಸಿಕ್ಕಿತು, ಸ್ಥಳೀಯರೂ ಅದೇ ಬೆಳೆ ಹಿಡಿದರು. ಇದನ್ನು ನಾನು ಅಲ್ಲಗಳೆಯಲಾರೆ. ಆದರೆ ಮೇಲ್ಭಾಗದ ಭತ್ತ ಕುಡಿದ ನೀರು ಕೆಳಭಾಗಕ್ಕೆ ಮುಟ್ಟುವುದಿಲ್ಲ, ಮೇಲ್ಭಾಗದ ಹೊಲಗಳೂ ಸವಳು ಹಿಡಿಯುತ್ತವೆ.

1997ರಲ್ಲಿ ಮುನಿರಾಬಾದ್, ಗಂಗಾವತಿಗಳಿರುವ ಕೊಪ್ಪಳ ಸೀಮೆ ರಾಯಚೂರಿನಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ಕಚೇರಿ ಜನರಿಗೆ ಹತ್ತಿರವಾದದ್ದು ನಿಜ, ಆದರೆ ಅಂದಿನಿಂದ ಕಾಲುವೆಯ ತಲೆ ಒಂದು ಜಿಲ್ಲೆಯಲ್ಲಿ, ಬಾಲ ಇನ್ನೊಂದರಲ್ಲಿ ಉಳಿದವು. ಎಷ್ಟು ನೀರು, ಎಷ್ಟು ದಿನ ಎಂಬುದನ್ನು ನೀರಾವರಿ ಸಲಹಾ ಸಮಿತಿ ನಿಗದಿ ಮಾಡುತ್ತದೆ. ಗೇಟುಗಳು ಎಂಜಿನಿಯರುಗಳ ಕೈಯಲ್ಲಿರುತ್ತವೆ. ತಹಶೀಲ್ದಾರರಿಗೆ ಕರೆ ಬರುವುದು ನೀರು ಕಡಿಮೆಯಾದ ಮೇಲೆ, ಕಾಲುವೆಗೆ ಇಳಿಬಿಟ್ಟ ಪಂಪ್‌ಸೆಟ್ ತೆಗೆಸಲು ಮತ್ತು ನಿಷೇಧಾಜ್ಞೆ ಜಾರಿ ಮಾಡಲು.

ಒಂದು ಹಿಂಗಾರಿನಲ್ಲಿ ಕಾಲುವೆಯ ಕೆಳಭಾಗದ 104ನೇ ಮೈಲಿನಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ನೋಡಲು ನಸುಕಿನಲ್ಲೇ ಹೋಗಿದ್ದೆ. ನೀರು ಇರಬೇಕಾದ ಗುರುತಿಗಿಂತ ಬಹಳ ಕೆಳಗಿತ್ತು. ಒಣಗತೊಡಗಿದ ಪಾಚಿಯ ಗೆರೆ ಗೋಡೆಯ ಮೇಲೆಯೇ ಉಳಿದಿತ್ತು. ಅಲ್ಲಿದ್ದ ಹಿರಿಯ ರೈತರೊಬ್ಬರು ಟವೆಲ್ಲಿನ ಗಂಟು ಬಿಚ್ಚಿ ಎರಡು ಕಾಗದ ತೋರಿಸಿದರು. ಒಂದು ಹೈದರಾಬಾದ್ ಸಂಸ್ಥಾನದ ಕಾಲದ ಉರ್ದು ದಾಖಲೆ, ಅವರ ತಂದೆಯದು. ಇನ್ನೊಂದು ನಾಡಕಚೇರಿಯ ಪಹಣಿ. ಅದರಲ್ಲಿ ಹೊಲ ನೀರಾವರಿ ಎಂದಿತ್ತು. “ಕಾಗದದಾಗ ನೀರೈತ್ರಿ ಸಾಹೇಬ್ರ, ಹೊಲದಾಗಿಲ್ಲ. ಹುಡುಗ್ರು ಬೆಂಗಳೂರಿಗೆ ಗುಳೆ ಹೋಗ್ಯಾರ” ಎಂದರು. ನಾನು ಸಹಿ ಮಾಡುತ್ತಿದ್ದ ದಾಖಲೆಯೇ ಅವರಿಗೆ ಎದುರು ಸಾಕ್ಷಿಯಾಗಿತ್ತು. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಪಹಣಿಗಳು ಭೂದಾಖಲೆಗಳನ್ನು ಕಂಪ್ಯೂಟರಿನಲ್ಲಿಡುವ ‘ಭೂಮಿ’ ತಂತ್ರಾಂಶಕ್ಕೆ ಸೇರಿ ಎರಡು ದಶಕ ದಾಟಿದವು. ಅಚ್ಚುಕಟ್ಟಿನ ಪಹಣಿಗೆ ಇನ್ನೊಂದು ಕಲಂ ಸೇರಿಸುವುದು ಕಷ್ಟವಲ್ಲ: ಈ ಹೊಲ ಯಾವ ವಿತರಣಾ ಕಾಲುವೆಯ ಯಾವ ತೂಬಿಗೆ ಸೇರಿದೆ, ಈ ಹಂಗಾಮಿನಲ್ಲಿ ಆ ತೂಬಿನಿಂದ ಎಷ್ಟು ದಿನ ನೀರು ಬಂತು. ಅದನ್ನು ಗ್ರಾಮ ಆಡಳಿತ ಅಧಿಕಾರಿಯೂ ಕಾಲುವೆಯ ಗ್ಯಾಂಗ್‌ಮನ್ನೂ ಹೊಲದ ಬದುವಿನ ಮೇಲೆ ನಿಂತು, ರೈತನ ಎದುರಿಗೆ ಬರೆಯಬೇಕು.