ಹಲ್ಲು ನೋಡಿ ಕೊಳ್ಳುವ ಯಂತ್ರ

ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ವಿಜಯಪುರ, ಬಾಗಲಕೋಟೆ ಕಡೆಯ ರೈತರ ಕಣ್ಣು ಬದುವಿನ ಮೇಲೆ ಬೀಳುತ್ತದೆ. ಎರಡು ಮಳೆಗಾಲ ಬಿಟ್ಟರೆ ಸಾಕು, ಜಾಲಿಯ ಟೊಂಗೆಗಳು ಹೊಲದೊಳಗೆ ನಾಲ್ಕು ಸಾಲು ಚಾಚಿಕೊಂಡಿರುತ್ತವೆ. ನೆರಳು ಬಿದ್ದ ಜಾಗದಲ್ಲಿ ಬೆಳೆ ಏಳುವುದಿಲ್ಲ, ಟ್ರ್ಯಾಕ್ಟರ್ ತಿರುಗಿಸುವವನ ಮುಖಕ್ಕೆ ಮುಳ್ಳು ಬಡಿಯುತ್ತದೆ. ಕೊಡಲಿ ಹಿಡಿಯುವ ಆಳು ಸಿಗುವುದೇ ಕಷ್ಟ, ಮುಳ್ಳುಕಂಟಿ ಎಂದರೆ ಇದ್ದವರೂ ಹಿಂದೆ ಸರಿಯುತ್ತಾರೆ. ಆಗ ಚೈನ್‌ಸಾ, ಅಂದರೆ ಉದ್ದನೆಯ ಪಟ್ಟಿಯ ಸುತ್ತ ಹಲ್ಲಿನ ಸರಪಳಿ ಓಡಿಸಿ ಮರ ಕೊಯ್ಯುವ ಯಂತ್ರ, ನೆನಪಾಗುತ್ತದೆ.

ಪೇಟೆಯಲ್ಲಿ ಸಾಮಾನ್ಯವಾಗಿ ಮೊದಲು ಎದುರಾಗುವುದು 58 ಸಿಸಿ, 22 ಇಂಚು ಪಟ್ಟಿಯ ಪೆಟ್ರೋಲ್ ಯಂತ್ರ. “ಯಾವ ಗಿಡಾನೂ ಇದರ ಮುಂದ ನಿಲ್ಲಂಗಿಲ್ರಿ” ಎನ್ನುತ್ತಾರೆ ಮಾರುವವರು. ಮಾತೇನೂ ಸುಳ್ಳಲ್ಲ. ಆದರೆ ಬದುವಿನ ಮೇಲೆ ನಾವು ಕೊಯ್ಯುವುದು ಮುಂಗೈ ದಪ್ಪದ ಟೊಂಗೆ, ಹೆಚ್ಚೆಂದರೆ ತೊಡೆ ದಪ್ಪದ್ದು. ಅದಕ್ಕೆ ಐದಾರು ಕೆಜಿಯ ಯಂತ್ರವನ್ನು ಎದೆಮಟ್ಟಕ್ಕೆ ಎತ್ತಿ ಹಿಡಿಯಬೇಕೇಕೆ? ಎತ್ತು ಕೊಳ್ಳುವಾಗ ಮೈಕಟ್ಟು ನೋಡಿದರೂ ವ್ಯಾಪಾರ ಕುದುರುವುದು ಬಾಯಿ ಬಿಡಿಸಿ ಹಲ್ಲು ನೋಡಿದ ಮೇಲೆ. ಈ ಯಂತ್ರದ ವಿಷಯದಲ್ಲೂ ಹಾಗೇ ಮಾಡಬೇಕೆನ್ನುವುದು ನನ್ನ ಪಕ್ಷ.

ಈ ಹಲ್ಲಿನ ಹಿಂದೆ ಒಂದು ಹುಳುವಿದೆ. 1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸ ಮಾಡುತ್ತಿದ್ದ ಜೋಸೆಫ್ ಬ್ಯುಫೋರ್ಡ್ ಕಾಕ್ಸ್, ಮರದ ತುಂಡೊಂದರೊಳಗೆ ಕಾಂಡಕೊರಕ ಮರಿಹುಳುವನ್ನು ಕಂಡ. ದ್ರಾಕ್ಷಿ ಬಳ್ಳಿಯ ಕಾಂಡ ಕೊರೆದು ತಿಕೋಟಾ ಭಾಗದ ಬೆಳೆಗಾರರ ನಿದ್ದೆ ಕೆಡಿಸುವ ಉದ್ದ ಮೀಸೆಯ ದುಂಬಿಯ ಬಳಗದ್ದೇ ಅದು. ಬೆರಳು ಗಾತ್ರದ ಆ ಹುಳು ಗಟ್ಟಿ ಮರವನ್ನು ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಲ್ಲಿ ತಿನ್ನುತ್ತಿತ್ತು. ಅದರ ದವಡೆ ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿತ್ತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಆಡುತ್ತಿತ್ತು. ಅಲ್ಲಿಯವರೆಗಿನ ಸರಪಳಿಗಳಲ್ಲಿ ಕೈಗರಗಸದ ಹಲ್ಲುಗಳೇ ಇದ್ದವು, ಅವು ಮರವನ್ನು ಗೀರುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು. ಕಾಕ್ಸ್ ಉಕ್ಕಿನಲ್ಲಿ ಆ ದವಡೆಯನ್ನು ಮಾಡಿ, ಒಂದು ಎಡಕ್ಕೆ ಒಂದು ಬಲಕ್ಕೆ ಜೋಡಿಸಿ, 1947ರಲ್ಲಿ ಮಾರಾಟಕ್ಕಿಟ್ಟ. ಇವತ್ತಿನ ಸರಪಳಿಗಳೆಲ್ಲ ಹೆಚ್ಚುಕಡಿಮೆ ಅದರ ಮಕ್ಕಳೇ.

ಒಂದು ಹಲ್ಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಹಿಂಭಾಗದಲ್ಲಿ ಚೂಪಾದ ಬಾಗಿದ ಅಲಗು, ಅದರ ಮುಂದೆ ಗಿಡ್ಡ ಗೂಟದಂಥ ಭಾಗ. ಅಲಗಿಗಿಂತ ಆ ಗೂಟ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ತಗ್ಗಿರುತ್ತದೆ. ಒಂದು ಸಲಕ್ಕೆ ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ನಿರ್ಧರಿಸುವುದು ಈ ಅಂತರ. ಅಂತರ ಕಡಿಮೆಯಾದರೆ ಹಲ್ಲು ಮರವನ್ನು ಸವರಿಕೊಂಡು ಹೋಗುತ್ತದೆ; ಜಾಸ್ತಿಯಾದರೆ ಗಬಕ್ಕನೆ ಕಚ್ಚಿ ಯಂತ್ರ ಎಗರುತ್ತದೆ. ಚೂಪಿದೆಯೋ ಮೊಂಡಾಗಿದೆಯೋ ತಿಳಿಯಲು ಯಂತ್ರದ ಕೆಳಗೆ ಬಿದ್ದದ್ದನ್ನು ಅಂಗೈಗೆ ತೆಗೆದುಕೊಳ್ಳಿ. ಚಕ್ಕೆ ಚಕ್ಕೆಯಾಗಿದ್ದರೆ ಹಲ್ಲು ಸರಿಯಿದೆ. ಹಿಟ್ಟಿನಂಥ ಪುಡಿಯಾದರೆ ಎಂಜಿನ್ ಎಷ್ಟು ಸಿಸಿಯದಾದರೂ ನೀವು ಮರವನ್ನು ಉಜ್ಜುತ್ತಿದ್ದೀರಿ ಅಷ್ಟೆ.

ಸಣ್ಣ ಯಂತ್ರದ ಸರಪಳಿ ತೆಳು. ಅದು ಮರದಲ್ಲಿ ಮಾಡುವ ಸೀಳು ಕಿರಿದು, ಆದ್ದರಿಂದ ಒಂದೊಂದು ಕೊಯ್ತಕ್ಕೂ ಚಕ್ಕೆಯಾಗಬೇಕಾದ ಮರವೇ ಕಡಿಮೆ. ಕಡಿಮೆ ಶಕ್ತಿಯ ಮೋಟರೂ ಕೆಲಸ ಸಾಗಿಸುವ ಗುಟ್ಟು ಇದೇ. ಆದರೆ ಅದೇ ಮೋಟರು ಮೊಂಡ ಹಲ್ಲನ್ನು ಎಳೆಯಲಾರದು. ದೊಡ್ಡ ಎಂಜಿನ್ನಿನ ಆರ್ಭಟದಲ್ಲಿ ಮುಚ್ಚಿಹೋಗುವ ತಪ್ಪು ಇಲ್ಲಿ ಕೂಡಲೇ ಗೊತ್ತಾಗುತ್ತದೆ.

ನಮ್ಮ ಎರೆಸೀಮೆಯಲ್ಲಿ ಹಲ್ಲಿಗೆ ಮೊದಲ ಶತ್ರು ಧೂಳು. ದಾರಿ ಬದಿಯ ಜಾಲಿಯ ಸೀಳುತೊಗಟೆಯಲ್ಲಿ ವರ್ಷದ ಮಣ್ಣೆಲ್ಲ ಕೂತಿರುತ್ತದೆ. ಮಣ್ಣಿನೊಳಗಿನ ಮರಳಿನ ಕಣ ಉಕ್ಕಿಗಿಂತ ಗಟ್ಟಿ. ಕೊಯ್ಯುವ ಜಾಗವನ್ನು ಒರಟು ಪೊರಕೆಯಿಂದ ಒಮ್ಮೆ ಜಾಡಿಸಿದರೂ ಸರಪಳಿ ಬಾಳುತ್ತದೆ. ಇದೇ ಕಾರಣಕ್ಕೆ ಬಳ್ಳಾರಿ ಜಾಲಿಯನ್ನು ನೆಲಕ್ಕೆ ಹತ್ತಿ ಕೊಯ್ಯಲು ಹೋಗಬೇಡಿ. ಹಲ್ಲು ನೆಲ ಮುಟ್ಟಿದರೆ ಕೆಟ್ಟಿತು, ಬೊಡ್ಡೆಯೂ ಮತ್ತೆ ಚಿಗುರುತ್ತದೆ. ಅದರ ಬೇರು ಕೀಳುವುದು ಗುದ್ದಲಿ ಇಲ್ಲವೆ ಜೆಸಿಬಿಯ ಕೆಲಸ.

ಎರಡನೆಯ ಶತ್ರು ತಂತಿ. ಕಂಬ ಸಾಲದಾದಾಗ ಬೇವಿಗೋ ಜಾಲಿಗೋ ಮುಳ್ಳುತಂತಿ ಬಿಗಿದು ಬೇಲಿ ಮುಂದುವರಿಸುವುದು ಎಲ್ಲ ಕಡೆ ಇದೆ. ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ, ದಪ್ಪವಾಗುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ಹೀಗಾಗಿ ಇಪ್ಪತ್ತು ವರ್ಷದ ಹಿಂದೆ ಸೊಂಟದೆತ್ತರಕ್ಕೆ ಹೊಡೆದ ಮೊಳೆ ಇವತ್ತೂ ಸೊಂಟದೆತ್ತರದಲ್ಲೇ ಇರುತ್ತದೆ, ಆದರೆ ವರ್ಷಕ್ಕೊಂದು ಪದರ ಮರ ಅದರ ಮೇಲೆ ಹೊದಿಕೆಯಾಗಿ ಕಣ್ಣಿಗೆ ಕಾಣದಷ್ಟು ಒಳಸೇರಿರುತ್ತದೆ. ಜಾಲಿಯಲ್ಲಿ ಒಂದು ಸುಳಿವು ಸಿಗುತ್ತದೆ. ಅದರ ತೊಗಟೆಯಲ್ಲಿ ಟ್ಯಾನಿನ್ ಹೇರಳ. ಟ್ಯಾನಿನ್ನಿಗೆ ಕಬ್ಬಿಣ ಸೇರಿದರೆ ನೀಲಿಗಪ್ಪು ಬಣ್ಣ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ರಸಾಯನಶಾಸ್ತ್ರದ ಬಲದಿಂದ. ಕೊಯ್ದ ಮೈಯಲ್ಲಿ ಮಸಿ ಚೆಲ್ಲಿದಂಥ ಗೆರೆ ಕಂಡರೆ ಯಂತ್ರ ನಿಲ್ಲಿಸಿ, ಒಂದು ಗೇಣು ಮೇಲಕ್ಕೆ ಸರಿಯಿರಿ.

ಇನ್ನು ತೂಕ. ಪೆಟ್ಟಿಗೆಯ ಮೇಲೆ ಬರೆದಿರುವ ತೂಕದಲ್ಲಿ ಪಟ್ಟಿ, ಸರಪಳಿ, ಎಣ್ಣೆ, ಪೆಟ್ರೋಲ್ ಅಥವಾ ಬ್ಯಾಟರಿ ಸೇರಿರದೇ ಇರಬಹುದು. ಎಲ್ಲ ಜೋಡಿಸಿ ಅಂಗಡಿಯಲ್ಲೇ ಎತ್ತಿ ನೋಡಬೇಕು. ತೂಕಕ್ಕಿಂತಲೂ ಅದು ಭುಜದಿಂದ ಎಷ್ಟು ದೂರದಲ್ಲಿದೆ ಎನ್ನುವುದು ತೋಳನ್ನು ದಣಿಸುತ್ತದೆ. ಐದೂವರೆ ಕೆಜಿ 60 ಸೆಂಟಿಮೀಟರ್ ದೂರದಲ್ಲಿದ್ದರೆ ಭುಜದ ಮೇಲೆ ಸುಮಾರು 32 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ. ಎರಡೂವರೆ ಕೆಜಿಯದು 50 ಸೆಂಟಿಮೀಟರಿನಲ್ಲಿದ್ದರೆ ಬರೀ 12. ದಣಿದ ತೋಳಿನಲ್ಲಿ ಪಟ್ಟಿಯ ತುದಿ ಎಲ್ಲೆಲ್ಲೋ ತಾಗುತ್ತದೆ, ಅಪಾಯ ಇರುವುದು ಅಲ್ಲೇ. ಪಟ್ಟಿಯ ಮೂಗಿನ ಮೇಲ್ಭಾಗ ಮರಕ್ಕೆ ತಾಗಿದರೆ ಹಲ್ಲು ಸಿಕ್ಕಿಕೊಂಡು, ಮುಂದೆ ಓಡಬೇಕಿದ್ದ ಸರಪಳಿಯ ಬಲವೆಲ್ಲ ಪಟ್ಟಿಯನ್ನು ಮೇಲಕ್ಕೆ, ಹಿಡಿದವನ ಮುಖದ ಕಡೆಗೆ ತಿರುಗಿಸುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಹೀಗೆ ಎಗರಿದಾಗ ಸರಪಳಿಯನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಇರುವುದನ್ನೇ ಕೊಳ್ಳಿ. ನಾಲ್ಕಾರು ಇಂಚಿನ ಬ್ಯಾಟರಿ ಪುಟಾಣಿಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಅವುಗಳದ್ದು ಬೇರೆ ಕಾಟ: ಹಗುರವಾಗಿವೆಯೆಂದು ಬಲಗೈಲಿ ಯಂತ್ರ ಹಿಡಿದು ಎಡಗೈಲಿ ಟೊಂಗೆ ಹಿಡಿಯುತ್ತೇವೆ, ಕೊಯ್ತ ಮುಗಿದು ಜಾರಿದ ಹಲ್ಲು ಎಡಗೈಗೇ ಬರುತ್ತದೆ.

ಬ್ಯಾಟರಿಯದ್ದು ತೆಗೆದುಕೊಳ್ಳುವವರು ವೋಲ್ಟಿನ ಲೆಕ್ಕಕ್ಕೆ ಮರುಳಾಗಬಾರದು. ಒಂದು ಲಿಥಿಯಂ ಕೋಶ ಸರಾಸರಿ 3.6 ವೋಲ್ಟ್, ಪೂರ್ತಿ ತುಂಬಿದಾಗ 4.2. ಸಾಲಾಗಿ ಐದು ಕೋಶ ಜೋಡಿಸಿದರೆ ಒಬ್ಬ 18 ವೋಲ್ಟ್ ಎಂದು ಬರೆಯುತ್ತಾನೆ, ಇನ್ನೊಬ್ಬ 21 ಎಂದು, ಸಾಮಾನು ಒಂದೇ. ಅಷ್ಟೇ ಕೋಶಗಳ ಮೇಲೆ 48, 88 ಎಂದು ಅಂಟಿಸಿ ಮಾರುವವರೂ ಇದ್ದಾರೆ. ವೋಲ್ಟಿನ ಜೊತೆ ಕೇಳಬೇಕಾದದ್ದು ಆಂಪಿಯರ್ ಅವರ್; ಎರಡನ್ನೂ ಗುಣಿಸಿದರೆ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ತುಂಬಿದೆ ಎನ್ನುವುದು ಗೊತ್ತಾಗುತ್ತದೆ. 18 ವೋಲ್ಟನ್ನು 2 ಆಂಪಿಯರ್ ಅವರ್‌ನಿಂದ ಗುಣಿಸಿದರೆ 36 ವ್ಯಾಟ್ ಅವರ್. ಕೊಯ್ಯುವಾಗ ಮೋಟರು 500 ವ್ಯಾಟ್ ಎಳೆದರೆ ನಾಲ್ಕು ನಿಮಿಷ ಚಿಲ್ಲರೆಯಲ್ಲಿ ಖಾಲಿ. ಇಷ್ಟೇನಾ ಅನ್ನಿಸಬಹುದು. ಆದರೆ ಮುಂಗೈ ದಪ್ಪದ ಟೊಂಗೆಗೆ ನಾಲ್ಕು ಸೆಕೆಂಡ್ ಹಿಡಿದರೆ ಅದರಲ್ಲಿ ಅರವತ್ತು ಕೊಯ್ತ ಬರುತ್ತವೆ. ಎರಡು ಬ್ಯಾಟರಿ ಇದ್ದರೆ ಬೆಳಗಿನ ತಂಪು ಹೊತ್ತಿನ ಕೆಲಸಕ್ಕೆ ಧಾರಾಳವಾಯಿತು. ಬೇಸಿಗೆಯಲ್ಲಿ ಮಾತ್ರ ಎಚ್ಚರ: ಕೋಶಗಳು 45 ಡಿಗ್ರಿಗಿಂತ ಬಿಸಿಯಿದ್ದಾಗ ಚಾರ್ಜ್ ಮಾಡಬಾರದು. ವಿಜಯಪುರದ ಏಪ್ರಿಲ್ ಬಿಸಿಲು ನೆರಳಿನಲ್ಲೇ 40 ದಾಟುತ್ತದೆ, ಬೈಕಿನ ಡಿಕ್ಕಿಯೊಳಗಿನದ್ದು ಹೇಳಬೇಕಾಗಿಲ್ಲ.

ಪೆಟ್ರೋಲಿನದ್ದಕ್ಕೆ ಬಲ ಜಾಸ್ತಿ, ರಗಳೆಯೂ ಜಾಸ್ತಿ. ಬೆಳಗಾವಿ, ಬಾಗಲಕೋಟೆಯ ಕಬ್ಬು ಎಥನಾಲ್ ಆಗಿ ಈಗ ಪೆಟ್ರೋಲಿನಲ್ಲಿ 20% ವರೆಗೆ ಬೆರೆತಿದೆ. ಎಷ್ಟೋ ಚೈನ್‌ಸಾ ತಯಾರಕರು ಒಪ್ಪುವುದು 10% ತನಕ. ಎಥನಾಲ್ ನೀರನ್ನು ಹೀರುತ್ತದೆ. ಹೀರಿದ್ದು ಮಿತಿ ಮೀರಿದರೆ ನೀರೂ ಎಥನಾಲೂ ಕೂಡಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ನಾವು ಲೀಟರಿಗೆ 20 ಎಂಎಲ್ ಲೆಕ್ಕದಲ್ಲಿ ಬೆರೆಸಿದ ಟೂ ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಇಂಧನ ಹೀರುವ ನಳಿಕೆ ಇರುವುದು ತಳದಲ್ಲಿ. ಎಣ್ಣೆಯಿಲ್ಲದ ದ್ರವ ಕುಡಿದ ಎಂಜಿನ್ ಜಾಮ್ ಆಗುತ್ತದೆ. ಮಳೆಗಾಲಕ್ಕೆ ಎತ್ತಿಡುವ ಮುಂಚೆ ಟ್ಯಾಂಕ್ ಬರಿದು ಮಾಡಿ, ಆಫ್ ಆಗುವವರೆಗೆ ಓಡಿಸಿಡುವುದು ಇದಕ್ಕೇ.

ಸರಪಳಿಗೆ ಹಾಕುವ ಎಣ್ಣೆಯಲ್ಲೂ ನಮ್ಮೂರಿನ ಮಾತೊಂದಿದೆ. ಸುಟ್ಟ ಎಂಜಿನ್ ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ, ಅದೆಲ್ಲ ಹೊಲಕ್ಕೇ ಬೀಳುತ್ತದೆ. ಅಡುಗೆಮನೆಯ ಎಣ್ಣೆ ಹಾಕುವವರು ಕುಸುಬಿ ಎಣ್ಣೆ ಬಿಟ್ಟು ಶೇಂಗಾ ಎಣ್ಣೆ ಹಾಕಿ. ಕುಸುಬಿಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚು, ಗಾಳಿ ತಾಗಿದರೆ ಹೆಪ್ಪುಗಟ್ಟಿ ಅಂಟಾಗುತ್ತದೆ; ಬಣ್ಣ, ವಾರ್ನಿಷ್ ಮಾಡಲು ಅದು ಒದಗುವುದು ಈ ಗುಣದಿಂದಲೇ. ಶೇಂಗಾ ಎಣ್ಣೆಯೂ ತಿಂಗಳುಗಟ್ಟಲೆ ಬಿಟ್ಟರೆ ಜಿಡ್ಡಾಗುತ್ತದೆ, ಕೆಲಸ ಮುಗಿದ ಮೇಲೆ ಒರೆಸಿಡಬೇಕು.

ಟೊಂಗೆಯನ್ನು ಎಲ್ಲಿ ಕೊಯ್ಯಬೇಕೆಂಬುದನ್ನು ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಚೈನ್‌ಸಾದಿಂದಲೇ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಕಂಡುಕೊಂಡರು. ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ. ಮರ ಕೊಳೆತ ಜಾಗಕ್ಕೆ ಒಳಗಿನಿಂದ ಗೋಡೆ ಕಟ್ಟಿ ಬೇರ್ಪಡಿಸುತ್ತದೆ. ಆ ಗೋಡೆಗೆ ಬೇಕಾದ ಅಂಗಾಂಶ ಟೊಂಗೆಯ ಬುಡದ ಉಬ್ಬಿನಲ್ಲಿದೆ. ಕಾಂಡಕ್ಕೆ ಸಪಾಟಾಗಿ ಕೊಯ್ದರೆ ಆ ಉಬ್ಬೇ ಹೋಗುತ್ತದೆ, ಗೇಣುದ್ದ ಬಿಟ್ಟರೆ ಮೋಟು ಕೊಳೆಯುತ್ತದೆ. ಉಬ್ಬಿನ ಹೊರಗೆ, ಅದಕ್ಕೆ ತಾಗಿದಂತೆ ಕೊಯ್ಯಬೇಕು. ಅದಕ್ಕೂ ಮೊದಲು ಒಂದು ಗೇಣು ಆಚೆ ಕೆಳಗಿನಿಂದ ಮೂರರಲ್ಲೊಂದು ಪಾಲು, ಆಮೇಲೆ ಮೇಲಿನಿಂದ ಕೊಯ್ದು ಭಾರ ಇಳಿಸಿದರೆ ತೊಗಟೆ ಸುಲಿದುಕೊಂಡು ಬರುವುದಿಲ್ಲ. ಕವಲಿನ ಇಕ್ಕಟ್ಟಿನಲ್ಲಿ ಈ ಕೊನೆಯ ಕೊಯ್ತಕ್ಕೆ ಎಂಟು ಇಂಚಿನ ಪಟ್ಟಿ ನುಗ್ಗುತ್ತದೆ, 22 ಇಂಚಿನದ್ದು ನುಗ್ಗುವುದಿಲ್ಲ. ಮೇಲೆ ಹೆಸ್ಕಾಂ ತಂತಿ ಹಾದಿದ್ದರೆ ಮಾತ್ರ ಯಾವ ಯಂತ್ರವೂ ಬೇಡ, ಲೈನ್‌ಮನ್‌ಗೆ ಹೇಳಿ ಲೈನ್ ಬಂದ್ ಮಾಡಿಸಿ.

ದಾಳಿಂಬೆ ತೋಟಕ್ಕಂತೂ ಇದನ್ನು ಒಯ್ಯಲೇಬೇಡಿ ಎನ್ನುತ್ತೇನೆ. ದುಂಡಾಣು ಅಂಗಮಾರಿ ಗಿಡದಿಂದ ಗಿಡಕ್ಕೆ ಕತ್ತರಿಯ ಅಲಗಿನಲ್ಲೂ ಸಾಗುತ್ತದೆ. ಕತ್ತರಿಯನ್ನು ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ತೆಗೆಯಬಹುದು, ಎಣ್ಣೆ ಕಲೆಸಿದ ಪುಡಿ ಮೆತ್ತಿಕೊಂಡ ಸರಪಳಿಯನ್ನು ಗಿಡಗಿಡಕ್ಕೂ ಹಾಗೆ ತೊಳೆಯಲಾಗದು.

ಬದುವಿನ ಕೆಲಸಕ್ಕೆ ಎಂಟರಿಂದ ಹತ್ತು ಇಂಚಿನ ಪಟ್ಟಿ, ಎಲ್ಲ ಸೇರಿ ಮೂರು ಕೆಜಿಯ ಆಸುಪಾಸು, ಇಷ್ಟು ಸಾಕು. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲಿ ಇದಕ್ಕೆ ಹೊಂದುವ ಇನ್ನೊಂದು ಸರಪಳಿ ಮತ್ತು ಅದರ ಹಲ್ಲಿನ ಅಳತೆಗೆ ಸರಿಯಾದ ದುಂಡು ಅರ ಕೇಳಿ. ಒಂದರ ಹಿಂದೊಂದು ಬರುವ ಮೂರು ರಿವೆಟ್‌ಗಳ ನಡುವಿನ ದೂರದ ಅರ್ಧವೇ ಸರಪಳಿಯ ಪಿಚ್. ಕಾಲು ಇಂಚೋ, ಮೂರೆಂಟಾಂಶ ಇಂಚೋ ಎಂದು ಅಂಗಡಿಯವರು ಹೇಳಲಾರದೆ, “ಎಲ್ಲಾ ಒಂದs ಸೈಜ್ ರೀ” ಅಂದರೆ ಪಕ್ಕದ ಅಂಗಡಿ ನೋಡಿ.