ಕ್ವಾರ್ಟರ್‌ಬ್ಯಾಕ್ ಅಲ್ಲದವರಿಗೆ ಎಂವಿಪಿ ಯಾಕೆ ಸಿಗುತ್ತಿಲ್ಲ?

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಮೊದಲ ಸಲ ತನ್ನ ಸೀಸನ್ನಿನ ಎಂವಿಪಿಯನ್ನು, ಅಂದರೆ ತಂಡಕ್ಕೆ ಅತಿ ಹೆಚ್ಚು ಬೆಲೆಯುಳ್ಳ ಆಟಗಾರನನ್ನು, ಆರಿಸಿದ್ದು 1938ರಲ್ಲಿ. ಗೌರವ ಸಿಕ್ಕಿದ್ದು ನ್ಯೂಯಾರ್ಕ್ ಜೈಂಟ್ಸ್ ತಂಡದ ಮೆಲ್ ಹೈನ್‌ಗೆ. ಅವರು ಸೆಂಟರ್. ಬಗ್ಗಿ ನಿಂತು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವುದು, ಮರುಕ್ಷಣವೇ ಎದುರಾಳಿಯನ್ನು ತಡೆದು ನಿಲ್ಲಿಸುವುದು ಅವರ ಕೆಲಸ. ಆ ಕಾಲದಲ್ಲಿ ಒಬ್ಬನೇ ಎರಡೂ ಕಡೆ ಆಡುತ್ತಿದ್ದ. ಹಾಗಾಗಿ ಡಿಫೆನ್ಸ್‌ನಲ್ಲೂ ಹೈನ್ ಮೈದಾನದಲ್ಲೇ ಇರುತ್ತಿದ್ದರು. ಜೈಂಟ್ಸ್ ಆ ವರ್ಷ ಚಾಂಪಿಯನ್ ಆಯಿತು.

ಇವತ್ತು ಒಬ್ಬ ಸೆಂಟರ್‌ಗೆ ಎಂವಿಪಿ ಕೊಡಿ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. 2013ರಿಂದ ಈಚೆಗೆ ಗೆದ್ದವರೆಲ್ಲ ಕ್ವಾರ್ಟರ್‌ಬ್ಯಾಕ್‌ಗಳೇ, ಅಂದರೆ ಸೆಂಟರ್ ಕೊಟ್ಟ ಚೆಂಡನ್ನು ಹಿಡಿದು ಪಾಸ್ ಎಸೆದು ಆಟ ನಡೆಸುವವರು. ಅದಕ್ಕೂ ಮುಂಚಿನ ವರ್ಷ, 2012ರಲ್ಲಿ, ಗೆದ್ದಿದ್ದು ಮಿನ್ನೆಸೋಟ ವೈಕಿಂಗ್ಸ್‌ನ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವ) ಏಡ್ರಿಯನ್ ಪೀಟರ್ಸನ್. 2011ರ ಕ್ರಿಸ್‌ಮಸ್ ಹಿಂದಿನ ದಿನ ಅವರ ಮಂಡಿಯ ಲಿಗಮೆಂಟ್ ಹರಿದಿತ್ತು. ಅಂಥವರು ಮುಂದಿನ ಸೀಸನ್ನಿನಲ್ಲಿ 2097 ಯಾರ್ಡ್ ಓಡಿದರು. ಸಾರ್ವಕಾಲಿಕ ದಾಖಲೆಗೆ ಬರೀ 8 ಯಾರ್ಡ್ ಕಮ್ಮಿ. ಕ್ವಾರ್ಟರ್‌ಬ್ಯಾಕ್ ಅಲ್ಲದವನೊಬ್ಬ ಗೆಲ್ಲಬೇಕಾದರೆ ಅಷ್ಟು ದೊಡ್ಡ ಪವಾಡವೇ ಆಗಬೇಕಾ? ಸೆಂಟರ್‌ನಿಂದ ಶುರುವಾದ ಪ್ರಶಸ್ತಿ ಇಲ್ಲಿಗೆ ಬಂದು ನಿಂತಿದ್ದು ಹೇಗೆ ಎಂದು ನೋಡಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಲೀಗ್ ತಾನೇ ಕೊಡುತ್ತಿದ್ದ ಆ ಮೊದಲ ಪ್ರಶಸ್ತಿ, ಜೋ ಕಾರ್ ಟ್ರೋಫಿ, 1946ಕ್ಕೆ ನಿಂತುಹೋಯಿತು. ಆಮೇಲೆ ಸುದ್ದಿಸಂಸ್ಥೆಗಳು ತಮ್ಮ ತಮ್ಮ ಎಂವಿಪಿಗಳನ್ನು ಆರಿಸತೊಡಗಿದವು. ಅವುಗಳಲ್ಲಿ ಗಟ್ಟಿಯಾಗಿ ಉಳಿದದ್ದು ಅಸೋಸಿಯೇಟೆಡ್ ಪ್ರೆಸ್, ಅಂದರೆ ಎಪಿ ಕೊಡುವ ಪ್ರಶಸ್ತಿ. 1957ರಲ್ಲಿ ಅದು ಸಿಕ್ಕಿದ್ದು ಕ್ಲೀವ್‌ಲೆಂಡ್‌ನ ಜಿಮ್ ಬ್ರೌನ್‌ಗೆ, ಅದೂ ಅವರ ಮೊದಲ ಸೀಸನ್ನಿನಲ್ಲೇ. ಈಗ 50 ಜನ ಪತ್ರಕರ್ತರು, ಪರಿಣತರು ಮತ ಹಾಕುತ್ತಾರೆ. ಲೀಗ್ ಪಂದ್ಯಗಳು ಮುಗಿದ ಕೂಡಲೇ, ಪ್ಲೇಆಫ್ ಶುರುವಾಗುವ ಮೊದಲೇ ಮತ ಒಪ್ಪಿಸಬೇಕು. ಯಾವುದನ್ನು ನೋಡಿ ಮತ ಹಾಕಬೇಕು ಅನ್ನುವುದಕ್ಕೆ ಮಾತ್ರ ನಿಯಮ ಇಲ್ಲ. ಸೀಸನ್ನಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವನಿಗಾ? ಅವನಿಲ್ಲದಿದ್ದರೆ ತಂಡವೇ ಕುಸಿಯುತ್ತಿತ್ತು ಅನ್ನಿಸುವವನಿಗಾ? ಗೆದ್ದ ತಂಡದ ಮುಖ್ಯ ಆಟಗಾರನಿಗಾ? ಒಬ್ಬೊಬ್ಬರು ಒಂದೊಂದು ಪ್ರಶ್ನೆಗೆ ಉತ್ತರ ಬರೆಯುತ್ತಾರೆ. ಎಲ್ಲ ಉತ್ತರಗಳನ್ನೂ ಒಂದೇ ಡಬ್ಬಿಗೆ ಹಾಕಿ ಎಣಿಸುತ್ತಾರೆ.

ನಿಯಮ ಇಲ್ಲದಿದ್ದರಿಂದ ಮೊದಲೆಲ್ಲ ಒಳ್ಳೆಯದೂ ಆಯಿತು. 1971ರಲ್ಲಿ ವೈಕಿಂಗ್ಸ್‌ನ ಡಿಫೆನ್ಸಿವ್ ಟ್ಯಾಕಲ್ ಅಲನ್ ಪೇಜ್ ಗೆದ್ದರು. ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ ಸಿಗುವ ಸ್ಯಾಕ್‌ಗಳನ್ನು ಲೀಗ್ ಆಗ ಅಧಿಕೃತವಾಗಿ ಎಣಿಸುತ್ತಲೇ ಇರಲಿಲ್ಲ. ತೋರಿಸಲು ಅಂಕಿ ಇಲ್ಲದಿದ್ದರೂ ಕಣ್ಣಾರೆ ಕಂಡ ಆಟಕ್ಕೆ ಜನ ಮತ ಹಾಕಿದರು. 1986ರಲ್ಲಿ ಜೈಂಟ್ಸ್‌ನ ಲಾರೆನ್ಸ್ ಟೇಲರ್ 20.5 ಸ್ಯಾಕ್ ಮಾಡಿ ಗೆದ್ದರು. ಡಿಫೆನ್ಸ್‌ನಿಂದ ಗೆದ್ದವರು ಇವರಿಬ್ಬರೇ.

ಇನ್ನು 1982. ಆಟಗಾರರ ಮುಷ್ಕರದಿಂದಾಗಿ ಆ ಸೀಸನ್ 9 ಪಂದ್ಯಕ್ಕೆ ಮೊಟಕಾಯಿತು. ಎಂವಿಪಿ ಹೋಗಿದ್ದು ವಾಷಿಂಗ್ಟನ್ ತಂಡದ ಕಿಕ್ಕರ್ ಮಾರ್ಕ್ ಮೋಸ್ಲಿಗೆ! ಡಿಸೆಂಬರ್‌ನಲ್ಲಿ ಜೈಂಟ್ಸ್ ವಿರುದ್ಧದ ಪಂದ್ಯ, ಹಿಮ ಬೀಳುತ್ತಿದೆ, ಕೊನೆಯ ಕೆಲವೇ ಸೆಕೆಂಡುಗಳು ಉಳಿದಿವೆ, ತಂಡ ಎರಡು ಪಾಯಿಂಟ್ ಹಿಂದಿದೆ. ಮೋಸ್ಲಿ 42 ಯಾರ್ಡ್ ದೂರದಿಂದ ಒದ್ದರು. 15-14 ಗೆಲುವು. ಹಿಂದಿನ ಸೀಸನ್ನಿನವೂ ಸೇರಿ ಸತತ 21ನೇ ಫೀಲ್ಡ್ ಗೋಲ್ (ಒದ್ದು ಗಳಿಸುವ ಮೂರು ಪಾಯಿಂಟ್), ಹೊಸ ದಾಖಲೆ. ಆ ಒದೆತ ನೋಡಿದ ಯಾರೇ ಆದರೂ ಮರೆಯುವಂಥದ್ದಲ್ಲ. ಇಡೀ ಸೀಸನ್ನಿನಲ್ಲಿ ಅವರು 21ರಲ್ಲಿ 20 ಫೀಲ್ಡ್ ಗೋಲ್ ಹೊಡೆದರು. ಆದರೆ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ನಂತರದ ಸುಲಭದ ಕಿಕ್‌ಗಳಲ್ಲಿ ಮೂರನ್ನು ತಪ್ಪಿಸಿದ್ದರು. ಅದೇ ವರ್ಷ ಸ್ಯಾನ್ ಡಿಯಾಗೋದ ಡ್ಯಾನ್ ಫೌಟ್ಸ್ ಪಂದ್ಯಕ್ಕೆ ಸರಾಸರಿ 320 ಯಾರ್ಡ್ ಪಾಸ್ ಮಾಡಿದ್ದರು. ಮೋಸ್ಲಿಯ ಮೇಲೆ ನನಗೆ ಗೌರವ ಇದೆ, ಆದರೂ ಆ ಪ್ರಶಸ್ತಿ ಫೌಟ್ಸ್‌ಗೆ ಸಿಗಬೇಕಿತ್ತು.

ಮತದಾರರು ಕ್ವಾರ್ಟರ್‌ಬ್ಯಾಕ್‌ಗಳ ಕಡೆ ವಾಲಲು ಮುಖ್ಯ ಕಾರಣ 1978ರ ನಿಯಮ ಬದಲಾವಣೆ. ಐದು ಯಾರ್ಡ್ ದಾಟಿದ ಮೇಲೆ ಪಾಸ್ ಹಿಡಿಯುವ ರಿಸೀವರ್‌ನನ್ನು ಡಿಫೆಂಡರ್ ತಳ್ಳುವ ಹಾಗಿಲ್ಲ ಅಂದರು. ಬ್ಲಾಕರ್‌ಗಳಿಗೆ ಕೈ ಚಾಚಿ ತಡೆಯುವ ಅವಕಾಶ ಕೊಟ್ಟರು. ಪಾಸ್ ಮಾಡುವುದು ಸಲೀಸಾಯಿತು. 1984ರಲ್ಲಿ ಮಯಾಮಿಯ ಡ್ಯಾನ್ ಮರೀನೊ 5084 ಯಾರ್ಡ್, 48 ಟಚ್‌ಡೌನ್ ಪಾಸ್ ಮಾಡಿದರು. ಅಲ್ಲಿಯವರೆಗಿನ ದಾಖಲೆ 36. ಅದೇ ಸೀಸನ್ನಿನಲ್ಲಿ ರಾಮ್ಸ್‌ನ ಎರಿಕ್ ಡಿಕರ್ಸನ್ 2105 ಯಾರ್ಡ್ ಓಡಿದರು. ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಎಂವಿಪಿ ಮಾತ್ರ ಮರೀನೊಗೆ ಹೋಯಿತು. ಆ ನಿರ್ಧಾರ ನನಗೂ ಸರಿ ಅನ್ನಿಸುತ್ತದೆ.

ಸರಿ ಅನ್ನಿಸದೇ ಇರುವುದು 1987ರದ್ದು. ಸ್ಯಾನ್ ಫ್ರಾನ್ಸಿಸ್ಕೊದ ವೈಡ್ ರಿಸೀವರ್ ಜೆರ್ರಿ ರೈಸ್ ಬರೀ 12 ಪಂದ್ಯದಲ್ಲಿ 22 ಟಚ್‌ಡೌನ್ ಹಿಡಿದರು. ಎಪಿ ಎಂವಿಪಿ ಹೋಗಿದ್ದು ಡೆನ್ವರ್‌ನ ಕ್ವಾರ್ಟರ್‌ಬ್ಯಾಕ್ ಜಾನ್ ಎಲ್ವೇಗೆ. ಎಲ್ವೇ ಆ ಸೀಸನ್ನಿನಲ್ಲಿ ಎಸೆದದ್ದು 19 ಟಚ್‌ಡೌನ್. ಅಂದರೆ ಎಂವಿಪಿ ಎಸೆದದ್ದಕ್ಕಿಂತ ಜಾಸ್ತಿ ಟಚ್‌ಡೌನ್‌ಗಳನ್ನು ರೈಸ್ ಒಬ್ಬರೇ ಹಿಡಿದಿದ್ದರು! ಎಪಿ ಎಂವಿಪಿ ಇವತ್ತಿಗೂ ಒಬ್ಬ ರಿಸೀವರ್‌ಗೂ ಸಿಕ್ಕಿಲ್ಲ. 2021ರಲ್ಲಿ ರಾಮ್ಸ್‌ನ ಕೂಪರ್ ಕಪ್ ಕ್ಯಾಚ್, ಯಾರ್ಡ್, ಟಚ್‌ಡೌನ್ ಮೂರರಲ್ಲೂ ಲೀಗಿಗೇ ಮೊದಲಿಗರಾದರು. 50ರಲ್ಲಿ ಬಿದ್ದ ಮತ ಒಂದೇ ಒಂದು. 2014ರಲ್ಲಿ ಹ್ಯೂಸ್ಟನ್‌ನ ಜೆ.ಜೆ. ವಾಟ್ 20.5 ಸ್ಯಾಕ್ ಮಾಡಿದ್ದಲ್ಲದೆ 5 ಟಚ್‌ಡೌನ್ ಕೂಡ ಗಳಿಸಿದರು. ಅವರಿಗೆ 13 ಮತ ಬಿತ್ತು, ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್‌ಗೆ 31.

ಇದಕ್ಕೆ ಸಿಗುವ ಸಮರ್ಥನೆ ಒಂದೇ. ಪ್ರತಿ ಆಟದಲ್ಲೂ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಯಲ್ಲಿರುತ್ತದೆ, ಅವನಿಲ್ಲದಿದ್ದರೆ ತಂಡ ಮುಳುಗಿತು ಅನ್ನುತ್ತಾರೆ. ನಿಜ ಅಲ್ವಾ? ಅರ್ಧ ನಿಜ. 2011ರಲ್ಲಿ ಕುತ್ತಿಗೆಯ ಸರ್ಜರಿಯಿಂದ ಪೇಟನ್ ಮ್ಯಾನಿಂಗ್ ಆಡಲೇ ಇಲ್ಲ. ಹಿಂದಿನ ವರ್ಷ 10 ಪಂದ್ಯ ಗೆದ್ದಿದ್ದ ಇಂಡಿಯಾನಾಪೊಲಿಸ್ ಕೋಲ್ಟ್ಸ್ 2ಕ್ಕೆ ಇಳಿಯಿತು. ಆದರೆ 2008ರಲ್ಲಿ ಟಾಮ್ ಬ್ರೇಡಿ ಮೊದಲ ಪಂದ್ಯದಲ್ಲೇ ಗಾಯಗೊಂಡು ಹೊರಬಿದ್ದರು. ಹಿಂದಿನ ವರ್ಷ ಅವರೇ ಎಂವಿಪಿ. ಅವರಿಲ್ಲದೆ ನ್ಯೂ ಇಂಗ್ಲೆಂಡ್ 11 ಪಂದ್ಯ ಗೆದ್ದಿತು.

ಎಲ್ಲಕ್ಕಿಂತ ಕಣ್ಣು ತೆರೆಸುವ ಉದಾಹರಣೆ ಇನ್ನೂ ಹಳೆಯದು. 1967ರ ಎಂವಿಪಿ ಬಾಲ್ಟಿಮೋರ್ ಕೋಲ್ಟ್ಸ್‌ನ ಜಾನಿ ಯುನೈಟಸ್. 1968ರಲ್ಲಿ ಅವರ ಕೈಗೆ ಪೆಟ್ಟಾಯಿತು. ಜಾಗ ತುಂಬಲು ಬಂದ ಅರ್ಲ್ ಮೊರಾಲ್ ತಂಡಕ್ಕೆ 13 ಪಂದ್ಯ ಗೆಲ್ಲಿಸಿಕೊಟ್ಟರು, ಸೋತದ್ದು ಒಂದೇ. ಆ ವರ್ಷದ ಎಂವಿಪಿ ಮೊರಾಲ್! ಒಂದೇ ತಂಡ, ಒಂದೇ ಜಾಗ, ಸತತ ಎರಡು ವರ್ಷ ಇಬ್ಬರು ಬೇರೆ ಬೇರೆ ಎಂವಿಪಿಗಳು. ಹಾಗಾದರೆ ಅಷ್ಟು ಬೆಲೆ ಇದ್ದದ್ದು ಆ ಇಬ್ಬರಿಗಾ, ಅವರ ಸುತ್ತ ಇದ್ದ ತಂಡಕ್ಕಾ? ಇಡೀ ತಂಡದ ದುಡಿಮೆಯನ್ನು ಕ್ವಾರ್ಟರ್‌ಬ್ಯಾಕ್ ಖಾತೆಗೆ ಬರೆಯುವ ಅಭ್ಯಾಸ ಅಷ್ಟು ಹಳೆಯದು.

2022ರಲ್ಲಿ ಎಪಿ ಮತದಾನದ ರೀತಿಯನ್ನು ಬದಲಿಸಿತು. ಅಲ್ಲಿಯವರೆಗೆ ಒಬ್ಬೊಬ್ಬರಿಗೂ ಒಂದೇ ಹೆಸರು ಬರೆಯುವ ಅವಕಾಶ ಇತ್ತು. 1997ರಲ್ಲಿ ಬ್ರೆಟ್ ಫಾವ್ ಮತ್ತು ಬ್ಯಾರಿ ಸ್ಯಾಂಡರ್ಸ್, 2003ರಲ್ಲಿ ಮ್ಯಾನಿಂಗ್ ಮತ್ತು ಸ್ಟೀವ್ ಮೆಕ್‌ನೇರ್ ಸಮ ಮತ ಪಡೆದು ಪ್ರಶಸ್ತಿ ಹಂಚಿಕೊಂಡಿದ್ದರು. ಈಗ ಐದು ಹೆಸರು ಬರೆಯಬೇಕು. ಸ್ಥಾನಕ್ಕೆ ತಕ್ಕಂತೆ 10, 5, 3, 2, 1 ಪಾಯಿಂಟ್.

ಹೊಸ ಪದ್ಧತಿಯ ಮೊದಲ ಎರಡು ವರ್ಷ ಪೈಪೋಟಿಯೇ ಇರಲಿಲ್ಲ. 2024ರ ಸೀಸನ್ ಬಂದಾಗ ಹಳೆಯ ಜಗಳ ಮತ್ತೆ ಎದ್ದಿತು. ಬಾಲ್ಟಿಮೋರ್ ರೇವನ್ಸ್‌ನ ಲಮಾರ್ ಜಾಕ್ಸನ್ 41 ಟಚ್‌ಡೌನ್ ಪಾಸ್ ಮಾಡಿದರು, ಎದುರಾಳಿ ಕೈಗೆ ಹೋದದ್ದು ಬರೀ 4. ಜೊತೆಗೆ 915 ಯಾರ್ಡ್ ಓಡಿದರು. ಬಫಲೊ ಬಿಲ್ಸ್‌ನ ಜಾಶ್ ಅಲೆನ್ 28 ಎಸೆದು, 12 ಓಡಿ ಗಳಿಸಿದರು. ಅಂಕಿಗಳಲ್ಲಿ ಜಾಕ್ಸನ್ ಮುಂದಿದ್ದರು. ಆದರೆ ಅಲೆನ್ ತಂಡದ ಮುಖ್ಯ ರಿಸೀವರ್ ಸ್ಟೆಫಾನ್ ಡಿಗ್ಸ್ ಬೇರೆ ತಂಡಕ್ಕೆ ಹೋಗಿದ್ದರು. ಜಾಕ್ಸನ್ ಪಕ್ಕಕ್ಕೆ ಡೆರಿಕ್ ಹೆನ್ರಿ ಬಂದು 1921 ಯಾರ್ಡ್ ಓಡಿದ್ದರು. ಇದ್ದದ್ದರಲ್ಲೇ ಜಾಸ್ತಿ ಮಾಡಿ ತೋರಿಸಿದವರು ಅಲೆನ್ ಅನ್ನುವ ವಾದ ಗೆದ್ದಿತು. ಮೊದಲ ಸ್ಥಾನದ ಮತ 27-23. ಪಾಯಿಂಟ್ 383-362.

ಸೀಸನ್ನಿನ ಶ್ರೇಷ್ಠ ಆಟಗಾರರ ಆಲ್-ಪ್ರೊ ತಂಡಕ್ಕೂ ಎಪಿಯ ಇದೇ 50 ಜನ ಮತ ಹಾಕುತ್ತಾರೆ. ಅಲ್ಲಿ ಮೊದಲ ಕ್ವಾರ್ಟರ್‌ಬ್ಯಾಕ್ ಆಗಿ ಆಯ್ಕೆಯಾದದ್ದು ಜಾಕ್ಸನ್! ಅಂದರೆ ಅವರೆಲ್ಲ ಸೇರಿ ಚೆನ್ನಾಗಿ ಆಡಿದವರು ಒಬ್ಬರು, ಎಂವಿಪಿ ಇನ್ನೊಬ್ಬರು ಅಂದುಬಿಟ್ಟರು.

ಆ ಗಲಾಟೆಯಲ್ಲಿ ಫಿಲಡೆಲ್ಫಿಯ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿ ಹಿಂದೆ ಉಳಿದರು. 2005 ಯಾರ್ಡ್ ಓಡಿದ್ದರು. ಡಿಕರ್ಸನ್ ದಾಖಲೆಗೆ 100 ಯಾರ್ಡ್ ಬಾಕಿ ಇದ್ದಾಗ ತಂಡ ಕೊನೆಯ ಪಂದ್ಯದಲ್ಲಿ ಅವರಿಗೆ ವಿಶ್ರಾಂತಿ ಕೊಟ್ಟಿತು. ಮೂರನೇ ಸ್ಥಾನ ಸಿಕ್ಕಿತು, ಮೊದಲ ಸ್ಥಾನದ ಮತ ಒಂದೂ ಬೀಳಲಿಲ್ಲ. ನನ್ನ ಕೈಯಲ್ಲಿ ಮತ ಇದ್ದಿದ್ದರೆ ಜಾಕ್ಸನ್ ಮೊದಲು, ಬಾರ್ಕ್ಲಿ ಎರಡನೆಯವರು, ಅಲೆನ್ ಮೂರನೆಯವರು.